ಆಕಾಶ ಹೊದೆಯುವ ಕೌದಿ

ಮಕ್ಕಳೇ,

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ನೀವು ಶಾಲೆಗೆ ಹೊರಟಿದ್ದೀರಿ ಎಂದುಕೊಳ್ಳಿ. ದಾರಿಯ ಪಕ್ಕದ ಬಿಳಿಜೋಳದ ಗರಿಗಳ ಮೇಲೆಲ್ಲ ಇಬ್ಬನಿ. ಬೆರಳು ಮರಗಟ್ಟುವಷ್ಟು ಥಂಡಿ. ಮರುದಿನ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಹೋದರೆ ಇಬ್ಬನಿಯೂ ಇಲ್ಲ, ಅಷ್ಟು ಥಂಡಿಯೂ ಇಲ್ಲ. ತಲೆಯೆತ್ತಿ ನೋಡಿದರೆ ಆಕಾಶದ ತುಂಬ ಮೋಡ! ಮೋಡ ಕವಿದರೆ ಬಿಸಿಲು ಬೀಳುವುದಿಲ್ಲ. ಹಾಗಾದರೆ ಥಂಡಿ ಹೆಚ್ಚಬೇಕಿತ್ತಲ್ಲವೇ? ಕಡಿಮೆಯಾದದ್ದು ಏಕೆ? ಬನ್ನಿ, ನೋಡೋಣ.

ಹಗಲು ಗಳಿಕೆ, ರಾತ್ರಿ ಖರ್ಚು

ನೆಲವು ಹಗಲಿನಲ್ಲಿ ಸೂರ್ಯನಿಂದ ಶಾಖವನ್ನು ಪಡೆಯುತ್ತದೆ. ರಾತ್ರಿ ಆ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಮೇಲಕ್ಕೆ ಬಿಡುತ್ತದೆ. ಇದೇ ಉಷ್ಣ ವಿಕಿರಣ. ಆಕಾಶ ನಿರ್ಮಲವಾಗಿದ್ದರೆ ಹೆಚ್ಚಿನ ಶಾಖ ಮೇಲಕ್ಕೆ ಹೋಗಿಬಿಡುತ್ತದೆ. ಈ ಖರ್ಚು ರಾತ್ರಿಯಿಡೀ ನಡೆಯುವುದರಿಂದ ಅತಿ ಹೆಚ್ಚು ಥಂಡಿ ಇರುವುದು ನಡುರಾತ್ರಿಯಲ್ಲಿ ಅಲ್ಲ, ಸೂರ್ಯ ಹುಟ್ಟುವ ಹೊತ್ತಿನಲ್ಲಿ.

ಮೋಡವಿದ್ದರೆ ಏನಾಗುತ್ತದೆ? ಮೇಲೆ ಹೋಗುವ ಶಾಖವನ್ನು ಮೋಡ ಹೀರಿಕೊಳ್ಳುತ್ತದೆ. ಅದರಲ್ಲಿ ಒಂದು ಪಾಲನ್ನು ಮರಳಿ ನೆಲಕ್ಕೆ ಕಳಿಸುತ್ತದೆ. ಅಜ್ಜಿ ಹೊಲಿದ ಕೌದಿಯು ನಿಮ್ಮ ಮೈಯ ಶಾಖವನ್ನು ಹಿಡಿದಿಡುವಂತೆ, ಮೋಡ ನೆಲದ ಶಾಖವನ್ನು ಹಿಡಿದಿಡುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಚಳಿಗಾಲದ ಗಾಳಿ ಬಹುಪಾಲು ಒಣಗಾಳಿ. ಅದು ಈಶಾನ್ಯ ದಿಕ್ಕಿನಿಂದ ಭೂಪ್ರದೇಶದ ಮೇಲೆ ಹಾದು ಬರುತ್ತದೆ. ಆದ್ದರಿಂದ ಹೆಚ್ಚಿನ ದಿನಗಳಲ್ಲಿ ಆಕಾಶಕ್ಕೆ ಕೌದಿ ಇರುವುದಿಲ್ಲ. ಮಧ್ಯಾಹ್ನ ಬಿಸಿಲು ಚುರುಗುಟ್ಟಿದರೂ ಬೆಳಗಿನ ಜಾವ ಹಲ್ಲು ಕಟಕಟ ಎನ್ನುವುದು ಇದಕ್ಕಾಗಿಯೇ.

ಮೋಡಗಳಿಗೂ ಹೆಸರುಂಟು

ಮೋಡಗಳಿಗೆ ಇಂದು ಬಳಕೆಯಲ್ಲಿರುವ ಹೆಸರುಗಳ ಮೂಲವನ್ನು 1802ರಲ್ಲಿ ಸೂಚಿಸಿದವರು ಇಂಗ್ಲೆಂಡಿನ ಲ್ಯೂಕ್ ಹೋವರ್ಡ್. ಅವರ ಉದ್ಯೋಗ ಔಷಧ ತಯಾರಿಕೆ. ಆಕಾಶ ನೋಡುವುದು ಹವ್ಯಾಸ! ನೀವು ಗುರುತಿಸಬಹುದಾದ ಕೆಲವು ಮೋಡಗಳು ಇಲ್ಲಿವೆ.

1. ಹಿಮಕಣ ಮೋಡ (ಸಿರಸ್): ಹಿಂಜಿದ ಅರಳೆಯ ಎಳೆಯಂತೆ, ಹಕ್ಕಿಯ ಗರಿಯಂತೆ ತೆಳ್ಳಗೆ ಇರುತ್ತದೆ. ನಮ್ಮ ನಾಡಿನಲ್ಲಿ 6 ಕಿ.ಮೀ.ಗಿಂತ ಎತ್ತರದಲ್ಲಿ ತೇಲುತ್ತದೆ. ಅಲ್ಲಿ ಬಹಳ ಶೀತ. ಆದ್ದರಿಂದ ಇದರಲ್ಲಿ ಇರುವುದು ಮಂಜುಗಡ್ಡೆಯ ಹರಳುಗಳು.

2. ರಾಶಿ ಮೋಡ (ಕ್ಯುಮುಲಸ್): ಹತ್ತಿಯ ರಾಶಿಯಂತೆ ಉಬ್ಬಿರುತ್ತದೆ, ತಳ ಚಪ್ಪಟೆ. ಚಳಿಗಾಲದ ಮಧ್ಯಾಹ್ನ ಇಂಥ ಸಣ್ಣ ಮೋಡಗಳು ಕಂಡು, ಸಂಜೆಗೆ ಕರಗಿಹೋದರೆ ಮಳೆಯ ಭಯವಿಲ್ಲ.

3. ಪದರು ಮೋಡ (ಸ್ಟ್ರೇಟಸ್): 2 ಕಿ.ಮೀ.ಗಿಂತ ಕೆಳಗೆ ಬೂದು ಬಣ್ಣದ ಚಾದರದಂತೆ ಹರಡಿರುತ್ತದೆ. ಕೃಷ್ಣಾ ನದಿಯ ದಂಡೆಯಲ್ಲಿ ಮುಂಜಾನೆ ಕವಿಯುವ ಮಂಜು ಕೂಡ ನೆಲಕ್ಕೆ ತಾಗಿದ ಮೋಡವೇ.

4. ರಾಶಿ ವೃಷ್ಟಿ ಮೋಡ (ಕ್ಯುಮುಲೊನಿಂಬಸ್): ಬೆಟ್ಟದಂತೆ ಮೇಲೆ ಮೇಲೆ ಬೆಳೆದು, ತಳ ಕಪ್ಪಾಗಿರುತ್ತದೆ. ಗುಡುಗು, ಸಿಡಿಲು, ಆಲಿಕಲ್ಲು ತರುವುದು ಇದೇ. ಇದನ್ನು ಕಂಡರೆ ಬಯಲಿನಲ್ಲಿ, ಮರದ ಕೆಳಗೆ ನಿಲ್ಲಬೇಡಿ, ಮನೆ ಸೇರಿಕೊಳ್ಳಿ.

ನಮಗೆ ಬೆಚ್ಚಗೆ, ದ್ರಾಕ್ಷಿಗೆ ಕುತ್ತು

ಮೋಡ ಕವಿದರೆ ನಮಗೆ ಹಿತ. ಆದರೆ ಅಥಣಿ, ಕಾಗವಾಡದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಅದೇ ಚಿಂತೆ. ಅವರು ಅಕ್ಟೋಬರ್ ಹೊತ್ತಿಗೆ ಬಳ್ಳಿಯ ಚಾಟ್ನಿ ಮಾಡುತ್ತಾರೆ. ನವೆಂಬರ್, ಡಿಸೆಂಬರ್‌ನಲ್ಲಿ ಹೂಗೊಂಚಲು ಬರುತ್ತದೆ. ಆಗ ಮೋಡ ಕವಿದು ಹನಿ ಬಿದ್ದರೆ ಎಲೆ ಬೇಗ ಒಣಗುವುದಿಲ್ಲ. ಒದ್ದೆ ಎಲೆಯ ಮೇಲೆ ಡೌನಿ ಎಂಬ ರೋಗ ಬೇಗ ಹರಡುತ್ತದೆ. ಗೊಂಚಲು ಕೈಬಿಟ್ಟರೆ ಇಡೀ ವರ್ಷದ ದುಡಿಮೆ ಹೋದಂತೆ. ನಿಪ್ಪಾಣಿಯ ಕಡೆ ಬಿಸಿಲಿಗೆ ಒಣಹಾಕಿದ ತಂಬಾಕಿನ ಎಲೆಗೂ ಮಳೆ ಆಗದು. ಚಿಕ್ಕೋಡಿ, ರಾಯಬಾಗದ ಕಪ್ಪು ಮಣ್ಣಿನ ಹೊಲ ತೊಯ್ದರೆ ಕಬ್ಬಿನ ಗಾಡಿ ಹೊರಬರುವುದೇ ಕಷ್ಟ.

ಚಳಿಗಾಲದಲ್ಲಿ ಈ ಮೋಡ ಎಲ್ಲಿಂದ ಬರುತ್ತದೆ? ಹಲವು ಸಲ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ. 2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಹತ್ತಿರ ದಡ ಮುಟ್ಟಿದ ಫೆಂಗಲ್ ಚಂಡಮಾರುತದ ಉಳಿಕೆ, ಶಕ್ತಿ ಕುಂದಿದ ಮೇಲೂ ದಕ್ಷಿಣ ಕರ್ನಾಟಕವನ್ನು ಹಾದು ಅರಬ್ಬೀ ಸಮುದ್ರ ಸೇರಿತು. ಇಂಥ ಸಮಯದಲ್ಲಿ ಮೊದಲು ಎತ್ತರದ ಹಿಮಕಣ ಮೋಡಗಳು ಬರಬಹುದು. ನಂತರ ಮೋಡ ದಪ್ಪವಾಗುತ್ತ, ಕೆಳಗಿಳಿಯುತ್ತ ಬಂದರೆ ಎಚ್ಚರ! ಆದರೆ ಕಣ್ಣಂದಾಜು ತಪ್ಪಲೂಬಹುದು. ಆದ್ದರಿಂದ 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಕೇಳಬೇಕು. ಇಲಾಖೆಯು ಉಪಗ್ರಹ, ರೇಡಾರ್‌ಗಳ ಮೂಲಕ ನಮಗೆ ಕಾಣದಷ್ಟು ದೂರದ ಮೋಡಗಳನ್ನೂ ನೋಡುತ್ತದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದೇ ಅಳತೆಯ ಎರಡು ಸ್ಟೀಲ್ ತಾಟು, ಒಂದು ಹೊರಸು, ಒಂದು ಚಾದರ.

ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಒಂದು ತಾಟನ್ನು ಅಂಗಳದಲ್ಲಿ ಬಯಲಿಗೆ ಇಡಿ. ಇನ್ನೊಂದನ್ನು ಅಲ್ಲೇ ಹತ್ತಿರ, ಚಾದರ ಹಾಸಿದ ಹೊರಸಿನ ಕೆಳಗೆ ಇಡಿ. ಸೂರ್ಯ ಹುಟ್ಟುವ ಮೊದಲು ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿ. ಯಾವುದರ ಮೇಲೆ ಹೆಚ್ಚು ಇಬ್ಬನಿ ಇದೆ? ಬಯಲಿನ ತಾಟು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಹೆಚ್ಚು ತಣ್ಣಗಾಗುತ್ತದೆ. ಅದನ್ನು ಮುಟ್ಟಿದ ಗಾಳಿಯಲ್ಲಿನ ನೀರಾವಿ ಹನಿಯಾಗುತ್ತದೆ. ಇಲ್ಲಿ ಮೋಡದ ಕೆಲಸ ಮಾಡಿದ್ದು ಯಾವುದು? ಹೇಳಿ ನೋಡೋಣ!

ಬರೆದಿಡಿ

ಒಂದು ತಿಂಗಳು ದಿನವೂ ಪ್ರಾರ್ಥನೆಗೆ ಮೊದಲು ಆಕಾಶ ನೋಡಿ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿ. ಆಕಾಶವನ್ನು 8 ಸಮಪಾಲು ಎಂದುಕೊಂಡು, ಎಷ್ಟು ಪಾಲು ಮೋಡವಿದೆ ಎಂದು ಬರೆಯಿರಿ. ಹವಾಮಾನ ವೀಕ್ಷಕರೂ ಹೀಗೆಯೇ ಅಳೆಯುತ್ತಾರೆ. ಮೋಡದ ಹೆಸರು, ಇಬ್ಬನಿ ಇದೆಯೋ ಇಲ್ಲವೋ, ಪತ್ರಿಕೆಯಲ್ಲಿ ಬಂದ ಕನಿಷ್ಠ ಉಷ್ಣತೆ, ಇವನ್ನೂ ಸೇರಿಸಿ. ತಿಂಗಳ ಕೊನೆಗೆ ಮೋಡ ಹೆಚ್ಚಿದ್ದ ದಿನಗಳನ್ನೂ ಇಲ್ಲದ ದಿನಗಳನ್ನೂ ಹೋಲಿಸಿ. ನಿಮ್ಮೂರಿನ ರೈತರಿಗೂ ಆ ಪಟ್ಟಿಯನ್ನು ತೋರಿಸಿ. ಮೋಡದ ವಿಷಯದಲ್ಲಿ ಅವರಿಗೆ ತಿಳಿದದ್ದು ಬಹಳ, ಕೇಳಿ ಬರೆದುಕೊಳ್ಳಿ.