ಗೆದ್ದ ಹಣ, ಕೊಂಡ ಸಾಮಾನು

ಹಣವು ವಿನಿಮಯದ ಸಾಧನವೆಂದು ಅರ್ಥಶಾಸ್ತ್ರದಲ್ಲಿ ಓದುತ್ತೇವೆ. ಒಂದೇ ಅಂಗಡಿಯಲ್ಲಿ ಸಲ್ಲುವ ಹಣವನ್ನೂ ಹಣವೆನ್ನಬಹುದೆ? ಈ ಪ್ರಶ್ನೆಯನ್ನು ವಿಚಾರಿಸಲು ಅಮೆರಿಕದ ದೂರದರ್ಶನದ ಆಟವೊಂದು ಒಳ್ಳೆಯ ನಿದರ್ಶನವಾಗಿದೆ. ಅದರ ಹೆಸರು ‘ವೀಲ್ ಆಫ್ ಫಾರ್ಚೂನ್’, ಎಂದರೆ ಅದೃಷ್ಟಚಕ್ರ.

ಮರ್ವ್ ಗ್ರಿಫಿನ್ ರೂಪಿಸಿದ ಈ ಆಟವು 1975ರ ಜನವರಿ 6ರಂದು ಎನ್.ಬಿ.ಸಿ.ಯಲ್ಲಿ ಪ್ರಾರಂಭವಾಯಿತು. ಮರೆಯಾಗಿಟ್ಟ ಪದಗುಚ್ಛವೊಂದನ್ನು ಮೂವರು ಸ್ಪರ್ಧಿಗಳು ಅಕ್ಷರಗಳನ್ನು ಊಹಿಸುತ್ತ ಕಂಡುಹಿಡಿಯಬೇಕು. ಚಕ್ರವನ್ನು ತಿರುಗಿಸಿ ಒಂದು ವ್ಯಂಜನವನ್ನು ಹೇಳಿದರೆ, ಅದು ಎಷ್ಟು ಕಡೆ ಇದೆಯೋ ಅಷ್ಟು ಪಾಲು ಹಣ. ಸ್ವರ ಬೇಕಾದರೆ 250 ಡಾಲರು ತೆತ್ತು ಕೊಳ್ಳಬೇಕು. ಚಕ್ರವು ‘ದಿವಾಳಿ’ ಎಂಬ ಮನೆಯಲ್ಲಿ ನಿಂತರೆ ಆ ಸುತ್ತಿನ ಗಳಿಕೆಯೆಲ್ಲ ಹೋಯಿತು. ಪದಗುಚ್ಛವನ್ನು ಬಿಡಿಸಿದವರಿಗೆ ಮಾತ್ರ ಆ ಸುತ್ತಿನ ಹಣ ದಕ್ಕುವುದು.

ಆದರೆ ಮೊದಲ ವರ್ಷಗಳಲ್ಲಿ ಆ ಹಣ ಗೆದ್ದವರ ಕೈಗೆ ಬರುತ್ತಿರಲಿಲ್ಲ. ವೇದಿಕೆಯ ಮೇಲೆ ಬೆಲೆಚೀಟಿ ಅಂಟಿಸಿದ ಪೀಠೋಪಕರಣ, ಒಡವೆ, ಪಿಂಗಾಣಿಯ ನಾಯಿ ಮೊದಲಾದುವನ್ನು ಜೋಡಿಸಿಡುತ್ತಿದ್ದರು. ಗೆದ್ದವರು ಅವುಗಳಲ್ಲಿಯೇ ಆರಿಸಿಕೊಳ್ಳಬೇಕು. ಉಳಿದ ಚಿಲ್ಲರೆಗೆ ಎರಡು ದಾರಿಗಳಿದ್ದುವು. ಒಂದು, ಸಾಮಾನು ಕೊಳ್ಳುವ ಉಡುಗೊರೆಯ ಚೀಟಿ. ಇನ್ನೊಂದು, ‘ಲೆಕ್ಕಕ್ಕೆ ಹಾಕಿಡುವುದು’. ಲೆಕ್ಕಕ್ಕೆ ಹಾಕಿದ ಹಣವು ಮುಂದೆ ಮತ್ತೊಂದು ಸುತ್ತು ಗೆದ್ದರೆ ಮಾತ್ರ ಒದಗುತ್ತಿತ್ತು. ಗೆಲ್ಲದೆ ಹೋದರೆ, ಅಥವಾ ನಡುವೆ ‘ದಿವಾಳಿ’ ಬಂದರೆ, ಅದೂ ಕೈಬಿಟ್ಟಂತೆ.

ಒಂದು ಸಾಮಾನ್ಯ ಲೆಕ್ಕವನ್ನು ನೋಡೋಣ. 1,000 ಡಾಲರು ಗೆದ್ದವನೊಬ್ಬ ಅಷ್ಟೇ ಬೆಲೆಯ ಮೇಜನ್ನು ಕೊಂಡನೆನ್ನಿ. ಮನೆಯಲ್ಲಿ ಮೇಜು ಮೊದಲೇ ಇದ್ದರೆ ಅವನಿಗೆ ಅದರಿಂದಾಗುವ ತುಷ್ಟಿಗುಣ ಅಲ್ಪ. ಆದರೂ ಬಹುಮಾನದ ಮಾರುಕಟ್ಟೆ ಬೆಲೆಯು ಅಮೆರಿಕದಲ್ಲಿ ಆದಾಯವೆಂದೇ ಗಣನೆಗೆ ಬರುವುದರಿಂದ ತೆರಿಗೆಯನ್ನು ಹಣದಲ್ಲಿಯೇ ಕಟ್ಟಬೇಕು. ಇತ್ತ ತಯಾರಕರ ಸಾಮಾನಿಗೆ ಪ್ರಚಾರವೂ ದೊರೆಯಿತು. ಮುಂದೆ ಈ ಖರೀದಿಯ ಪದ್ಧತಿಯನ್ನು ರಾತ್ರಿಯ ಆಟದಲ್ಲಿ 1987ರಲ್ಲಿಯೂ, ಹಗಲಿನದರಲ್ಲಿ 1989ರಲ್ಲಿಯೂ ಬಿಟ್ಟುಬಿಟ್ಟರು.

1981ರಿಂದ ನೆಲೆಗೊಂಡ ಕೊನೆಯ ವಿಶೇಷ ಸುತ್ತಿನ ನ್ಯಾಯವೇ ಬೇರೆ. ಅದರಲ್ಲಿ ಸೋತರೂ ಮೊದಲು ಗಳಿಸಿದ್ದು ಹೋಗುವುದಿಲ್ಲ. ಆಗ ಸ್ಪರ್ಧಿಯು ಐದು ವ್ಯಂಜನ, ಒಂದು ಸ್ವರವನ್ನು ಕೇಳಬಹುದಾಗಿತ್ತು. ಬಹುಮಂದಿ ಇಂಗ್ಲಿಷಿನಲ್ಲಿ ಹೆಚ್ಚಾಗಿ ಬರುವ ಆರ್, ಎಸ್, ಟಿ, ಎಲ್, ಎನ್, ಇ ಅಕ್ಷರಗಳನ್ನೇ ಕೇಳುತ್ತಿದ್ದರು. 1988ರಲ್ಲಿ ಅವನ್ನು ಎಲ್ಲರಿಗೂ ಮೊದಲೇ ಕೊಟ್ಟು, ಇನ್ನು ಮೂರು ವ್ಯಂಜನ ಹಾಗೂ ಒಂದು ಸ್ವರವನ್ನು ಆರಿಸಲು ಬಿಟ್ಟು, 15 ಸೆಕೆಂಡುಗಳ ಅವಧಿಯನ್ನು 10ಕ್ಕೆ ಇಳಿಸಿದರು. ಎಲ್ಲರೂ ಕಲಿತ ಉಪಾಯದಿಂದ ಒಬ್ಬನಿಗೆ ವಿಶೇಷ ಲಾಭವಿಲ್ಲವೆಂಬುದಕ್ಕೆ ಇದು ಸಾಕ್ಷಿ.

‘ಲೆಕ್ಕಕ್ಕೆ ಹಾಕಿಡುವ’ ನಿಯಮವನ್ನು ಓದಿದಾಗ ನನಗೆ ನಮ್ಮೂರಿನ ಒಂದು ಅಂಗಡಿ ನೆನಪಾಯಿತು. ನಮ್ಮ ತಂದೆಯವರ ಕೂಲಿ ಬಹುಕಾಲ ಆ ಅಂಗಡಿಯ ಪುಸ್ತಕದಲ್ಲಿಯೇ ಇರುತ್ತಿತ್ತು. ಅಲ್ಲಿ ಇದ್ದ ಅಕ್ಕಿ, ಅಲ್ಲಿ ಹೇಳಿದ ಬೆಲೆ. ಅವರಿಗೆ ಓದು ಬಾರದು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಆ ಪುಸ್ತಕವನ್ನು ಅವರಿಗೆ ಮೊದಲ ಸಲ ಓದಿ ಹೇಳಿದೆನು. ಮುಂದಿನ ವಾರದಿಂದ ಅವರು ಕೂಲಿಯನ್ನು ಕೈಗೇ ಕೇಳಿ ಪಡೆಯತೊಡಗಿದರು.

— ಅಂತಿಮ ಬಿ.ಎ. ವಿದ್ಯಾರ್ಥಿ