ಹಾಯಿದೋಣಿಗೆ ಹೊರಟವರ ಚೀಲದಲ್ಲಿ ಏನಿರಬೇಕು?

ಮನೆಯಲ್ಲಿ ಕರೆಂಟು ಹೋಗಿ ಯುಪಿಎಸ್ ಶುರುವಾದರೆ ನಾವೆಲ್ಲ ತಾನಾಗಿಯೇ ಒಂದು ಶಿಸ್ತಿಗೆ ಬರುತ್ತೇವೆ. ಮಿಕ್ಸಿ ಹಾಕುವುದಿಲ್ಲ, ಇಸ್ತ್ರಿಪೆಟ್ಟಿಗೆ ಮುಟ್ಟುವುದಿಲ್ಲ, ಎರಡು ಲೈಟು ಒಂದು ಫ್ಯಾನು ಸಾಕು ಎನ್ನುತ್ತೇವೆ. ಹಾಯಿದೋಣಿಯಲ್ಲಿ ವಾಸ ಮಾಡುವುದೆಂದರೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಹೀಗೆ ಯುಪಿಎಸ್ ಮೇಲೆ ಬದುಕುವುದು. ದೋಣಿಯನ್ನು ಗಾಳಿ ನಡೆಸುತ್ತದೆ; ದೀಪ, ರೇಡಿಯೊ, ಫೋನುಗಳನ್ನು ಬ್ಯಾಟರಿಯೇ ನಡೆಸಬೇಕು. ಆದ್ದರಿಂದ ಹೊಸದಾಗಿ ದೋಣಿ ಹತ್ತುವವರು ಓದಲು, ಹಾಡು ಕೇಳಲು, ಕೆಲಸ ಮಾಡಲು ಸಾಧನ ಕೊಳ್ಳುವ ಮುಂಚೆ ಒಂದು ಸಣ್ಣ ಲೆಕ್ಕ ಕಲಿಯಬೇಕು. ಐದನೆಯ ತರಗತಿಯ ಗುಣಾಕಾರ ಬಂದರೆ ಸಾಕು.

ಮೊದಲು ಲೆಕ್ಕ

ಕರೆಂಟು ಬಿಲ್ಲಿನಲ್ಲಿ ಬರುವ ಒಂದು ಯುನಿಟ್ ಎಂದರೆ 1,000 ವಾಟ್-ಅವರ್. ಹತ್ತು ವಾಟಿನ ಬಲ್ಬು ನೂರು ಗಂಟೆ ಉರಿದರೆ ಒಂದು ಯುನಿಟ್ ಖರ್ಚು. ಸಣ್ಣ ದೋಣಿಯಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು 100 ಆಂಪಿಯರ್-ಅವರ್‌ನದಾದರೆ, 12ನ್ನು 100ರಿಂದ ಗುಣಿಸಿ: 1,200 ವಾಟ್-ಅವರ್. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತ ಹೋದರೆ ಅದು ಬೇಗ ಸಾಯುತ್ತದೆ. ಹಾಗಾಗಿ ಕೈಗೆ ಸಿಗುವುದು 600, ಎಂದರೆ ಅರ್ಧ ಯುನಿಟ್‌ಗಿಂತ ಸ್ವಲ್ಪ ಹೆಚ್ಚು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಶೇ. 80ರವರೆಗೆ ಬಳಸಬಹುದು, ಬೆಲೆ ಹೆಚ್ಚು.

ಖರ್ಚಾದದ್ದನ್ನು ತುಂಬುವುದು ಹೆಚ್ಚಾಗಿ ಸೌರಫಲಕ. 100 ವಾಟಿನ ಒಂದು ಫಲಕ ಒಳ್ಳೆಯ ಬಿಸಿಲಿನ ದಿನ ಸುಮಾರು 350 ವಾಟ್-ಅವರ್ ಕೊಡುತ್ತದೆ. ಹಾಯಿಯ ನೆರಳು ಬಿದ್ದರೆ ಅದೂ ಇಲ್ಲ. ಎರಡು ಫಲಕ ಇವೆ ಎಂದುಕೊಳ್ಳೋಣ. ದಿನದ ಆದಾಯ 700.

ಇದರಲ್ಲಿ ದೋಣಿಯ ಪಾಲನ್ನು ಮೊದಲು ತೆಗೆದಿಡಬೇಕು. ಹಡಗುಗಳ ಕರೆಗೆ ಸದಾ ಕಿವಿಗೊಟ್ಟಿರುವ ವಿಎಚ್‌ಎಫ್ ರೇಡಿಯೊ ಸುಮಾರು 5 ವಾಟಿನಂತೆ ದಿನಕ್ಕೆ 120. ನಕ್ಷೆ ತೋರಿಸುವ ಪರದೆ 240. ರಾತ್ರಿ ಬೇರೆ ಹಡಗುಗಳಿಗೆ ನಮ್ಮನ್ನು ಕಾಣಿಸುವ ದೀಪಕ್ಕೆ 40. ಒಟ್ಟು 400. ಉಳಿದ 300ರಲ್ಲಿ ಅರ್ಧವನ್ನು ಮೋಡದ ದಿನಕ್ಕೆಂದು ಎತ್ತಿಟ್ಟರೆ 150 ನಮ್ಮದು. ದೋಣಿಯಲ್ಲಿ ಫ್ರಿಜ್ ಇದ್ದರಂತೂ ಈ ಲೆಕ್ಕವೇ ಬುಡಮೇಲಾಗುತ್ತದೆ. ಬಿಸಿಲಿನ ಸೀಮೆಯಲ್ಲಿ ಸಣ್ಣ ಫ್ರಿಜ್ ಕೂಡ ದಿನಕ್ಕೆ 500 ತಿನ್ನಬಲ್ಲದು.

ಆಮೇಲೆ ಸಾಧನ

ಈಗ ಈ 150ನ್ನು ಹಂಚಿ ನೋಡಿ. ಒಂದು ಫೋನನ್ನು ಪೂರ್ತಿ ಚಾರ್ಜ್ ಮಾಡಲು ಸುಮಾರು 20, ಇಬ್ಬರಿದ್ದರೆ 40. ಹತ್ತು ಇಂಚಿನ ಟ್ಯಾಬ್ಲೆಟ್‌ಗೆ 35. ಹಗುರ ಲ್ಯಾಪ್‌ಟಾಪ್‌ಗೆ 60ರಿಂದ 70. ಅಷ್ಟರಲ್ಲಿ ಬರವಣಿಗೆ, ಇಮೇಲು, ಲೆಕ್ಕಪತ್ರದಂಥ ಕೆಲಸ ಐದು ಗಂಟೆ ನಡೆಯುತ್ತದೆ. ಅಲ್ಲಿಗೆ ಖಜಾನೆ ಖಾಲಿ. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್ ಆಟವಾಡುವಾಗ 150 ವಾಟ್ ಎಳೆಯುತ್ತದೆ. ದಿನದ ನಮ್ಮ ಪಾಲೆಲ್ಲ ಒಂದೇ ಗಂಟೆಗೆ ಮುಗಿಯಿತು. ಇದಕ್ಕೇ ನಾನು ಅದನ್ನು ದಡದಲ್ಲೇ ಬಿಟ್ಟು ಬನ್ನಿ ಎನ್ನುವುದು.

ಓದುವ ಆಸೆಯುಳ್ಳವರಿಗೆ ನನ್ನ ಮೊದಲ ಸಲಹೆ ಇ-ಇಂಕ್ ಪರದೆಯ ಇ-ರೀಡರ್. ಅದರ ಪರದೆ ಪುಟ ತಿರುಗಿಸುವಾಗ ಮಾತ್ರ ಕರೆಂಟು ಬಳಸುತ್ತದೆ. ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಸುಡುಬಿಸಿಲಿನಲ್ಲೂ ಕಾಗದದಂತೆ ಸ್ಪಷ್ಟವಾಗಿ ಕಾಣುತ್ತದೆ. ಟ್ಯಾಬ್ಲೆಟ್ ಪರದೆ ಅಲ್ಲಿ ಕನ್ನಡಿಯಾಗಿಬಿಡುತ್ತದೆ. ಕನ್ನಡ ಓದುಗರು ಒಂದು ಮಾತು ನೆನಪಿಡಬೇಕು. ಕೆಲವು ಸಾಧನಗಳಲ್ಲಿ ಕನ್ನಡದ ಒತ್ತಕ್ಷರಗಳು ಚೆದುರಿ ಬೀಳುತ್ತವೆ. ಕೊಳ್ಳುವ ಮುಂಚೆ ಒಂದು ಕನ್ನಡ ಪುಸ್ತಕ ತೆರೆಸಿ, ‘ರಾಷ್ಟ್ರ’, ‘ಸ್ವಾತಂತ್ರ್ಯ’ ಸರಿಯಾಗಿ ಕಾಣುತ್ತವೆಯೇ ನೋಡಿ.

ಟ್ಯಾಬ್ಲೆಟ್ ಕೊಳ್ಳುವಾಗ ಹೊಸಬರು ಎಡವುವ ಜಾಗ ಇನ್ನೊಂದಿದೆ. ಸಿನಿಮಾ ನೋಡುವ ಟ್ಯಾಬ್ಲೆಟ್ಟೇ ಆಪತ್ತಿನಲ್ಲಿ ನಕ್ಷೆಯಾಗಬಲ್ಲದು. ಅದಕ್ಕೆ ಜಿಪಿಎಸ್ ಬೇಕು. ಐಪ್ಯಾಡ್‌ಗಳಲ್ಲಿ ಬರೀ ವೈ-ಫೈ ಇರುವ ಮಾದರಿಗೆ ಜಿಪಿಎಸ್ ಇರುವುದಿಲ್ಲ, ಮೊಬೈಲ್ ಜಾಲದ ಮಾದರಿಗೆ ಇರುತ್ತದೆ. ಸಿಮ್ ಹಾಕದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಏಕೆಂದರೆ ಅದು ಉಪಗ್ರಹದಿಂದ ನೇರವಾಗಿ ಸಂಕೇತ ಪಡೆಯುತ್ತದೆ.

ಚಾರ್ಜಿಂಗ್ ವಿಷಯದಲ್ಲಿ ನಿಯಮ ಸರಳ: ಎಲ್ಲವೂ ಯುಎಸ್‌ಬಿ-ಸಿ ಆಗಿರಲಿ. ಇಲ್ಲದಿದ್ದರೆ ದೋಣಿಯ 12 ವೋಲ್ಟನ್ನು ಇನ್ವರ್ಟರ್ 230 ವೋಲ್ಟಿಗೆ ಏರಿಸುತ್ತದೆ, ಲ್ಯಾಪ್‌ಟಾಪಿನ ಅಡಾಪ್ಟರ್ ಅದನ್ನೇ ಮತ್ತೆ ಇಳಿಸುತ್ತದೆ. ಕೊಡದಿಂದ ತಂಬಿಗೆಗೆ, ತಂಬಿಗೆಯಿಂದ ಲೋಟಕ್ಕೆ ನೀರು ಸುರಿದಂತೆ ಎರಡು ಕಡೆಯೂ ಚೆಲ್ಲುತ್ತದೆ. ಕಾರಿನಲ್ಲಿ ಬಳಸುವಂಥ ಯುಎಸ್‌ಬಿ-ಸಿ ಚಾರ್ಜರ್ 12 ವೋಲ್ಟಿನಿಂದ ನೇರವಾಗಿ ಲ್ಯಾಪ್‌ಟಾಪ್ ತುಂಬುತ್ತದೆ.

ಉಪ್ಪು, ಅಯಸ್ಕಾಂತ, ಕತ್ತಲು

ಕರೆಂಟಿನ ನಂತರದ ಶತ್ರು ಉಪ್ಪು. ಫೋನಿನ ಮೇಲೆ ‘ಐಪಿ68’ ಎಂದು ಬರೆದಿದ್ದರೆ 6 ಧೂಳಿನಿಂದ ಪೂರ್ಣ ರಕ್ಷಣೆಯನ್ನೂ 8 ನೀರಿನಲ್ಲಿ ಮುಳುಗಿದರೂ ತಡೆಯುವ ಶಕ್ತಿಯನ್ನೂ ಹೇಳುತ್ತವೆ. ಆದರೆ ಆ ಪರೀಕ್ಷೆ ಸಿಹಿನೀರಿನಲ್ಲಿ ನಡೆದದ್ದು. ಸಮುದ್ರದ ನೀರು ಒಣಗಿದ ಮೇಲೂ ಉಪ್ಪು ಅಲ್ಲೇ ಕೂರುತ್ತದೆ, ಗಾಳಿಯ ತೇವ ಹೀರಿ ಚಾರ್ಜಿಂಗ್ ತೂತಿನ ಲೋಹವನ್ನು ತಿನ್ನುತ್ತದೆ. ಜಲನಿರೋಧಕ ಫೋನಿಗೆ ಉಪ್ಪುನೀರು ತಾಗಿದರೆ ಸಿಹಿನೀರಿನಿಂದ ತೊಳೆದು, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಉಳಿದ ಸಾಧನಗಳನ್ನು ನೀರು ಹೋಗದ ಚೀಲದಲ್ಲಿಡಿ. ಅಲುಗಾಡುವ ದೋಣಿಯಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಬಾಳದು. ಎಸ್‌ಎಸ್‌ಡಿ ಇರುವುದನ್ನೇ ಆರಿಸಿ.

ಸ್ಪೀಕರ್‌ಗಳಲ್ಲೂ ಟ್ಯಾಬ್ಲೆಟ್ ಹೊದಿಕೆಗಳಲ್ಲೂ ಅಯಸ್ಕಾಂತ ಇರುತ್ತದೆ. ಅವನ್ನು ದಿಕ್ಸೂಚಿಯ ಪಕ್ಕ ಇಟ್ಟರೆ ಮುಳ್ಳು ದಾರಿ ತಪ್ಪುತ್ತದೆ, ಅದನ್ನು ನಂಬಿದ ದೋಣಿಯೂ ತಪ್ಪುತ್ತದೆ. ರಾತ್ರಿ ಕಾವಲಿನವರು ಬೆಳಗುವ ಪರದೆ ನೋಡಿದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಮತ್ತೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಆದ್ದರಿಂದ ಪರದೆ ಮಂದವಾಗಿರಲಿ, ಕೆಂಪು ಬಣ್ಣದ್ದಾದರೆ ಇನ್ನೂ ಒಳ್ಳೆಯದು. ಕಾವಲಿನಲ್ಲಿ ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ. ಹಾಯಿ ಪಟಪಟಿಸುವ ಸದ್ದು, ದೂರದ ಹಡಗಿನ ಎಂಜಿನ್ನು, ರೇಡಿಯೊ ಕರೆ ಕಿವಿಗೆ ಬೀಳಬೇಕು.

ಜಾಲವಿಲ್ಲದ ದಿನಗಳು

ದಡದಿಂದ ಹತ್ತಾರು ಕಿಲೋಮೀಟರ್ ದಾಟಿದರೆ ಮೊಬೈಲ್ ಜಾಲ ಇರುವುದಿಲ್ಲ. ಹಾಡು, ಪುಸ್ತಕ, ಸಿನಿಮಾಗಳನ್ನು ಬಂದರಿನಲ್ಲೇ ಇಳಿಸಿಕೊಳ್ಳಿ. ಚಂದಾ ಸೇವೆಗಳಿಂದ ಇಳಿಸಿಕೊಂಡ ಚಿತ್ರಗಳು ಅವಧಿ ಮೀರಿದರೆ ತೆರೆಯುವುದಿಲ್ಲ. ಸ್ವಂತಕ್ಕೆ ಕೊಂಡ ಕಡತಗಳಿಗೆ ಆ ತೊಂದರೆ ಇಲ್ಲ. ಸ್ಟಾರ್‌ಲಿಂಕ್‌ನಂಥ ಉಪಗ್ರಹ ಇಂಟರ್ನೆಟ್ಟಿನ ಸಾಮಾನ್ಯ ತಟ್ಟೆ 75 ವಾಟಿನ ಆಸುಪಾಸು ಎಳೆಯುತ್ತದೆ. ಎರಡು ಗಂಟೆಗೆ ನಮ್ಮ 150 ಮುಗಿಯುತ್ತದೆ. ಭಾರತದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಉಪಗ್ರಹ ಫೋನ್ ಬಳಸುವುದು ಅಪರಾಧ ಎಂಬುದನ್ನೂ ತಿಳಿದಿರಿ.

ಇಷ್ಟೆಲ್ಲ ಓದಿ ಯಾರಾದರೂ ಹೆದರಿದರೆ, ಅವರಿಗೆ ನಾನು ಹೇಳುವುದು ಅಭಿಲಾಷ್ ಟಾಮಿಯವರ ವಿಷಯ. ನಮ್ಮ ನೌಕಾಪಡೆಯ ಈ ನಿವೃತ್ತ ಅಧಿಕಾರಿ 2022ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಿಂದ ಹೊರಟ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಒಂಟಿಯಾಗಿ ಭೂಮಿ ಸುತ್ತಿ, 236 ದಿನಗಳಲ್ಲಿ ಎರಡನೆಯವರಾಗಿ ಮರಳಿದರು. 1968ರ ಕಾಲದ ಸಾಧನಗಳಿಂದಲೇ ದಾರಿ ಕಂಡುಕೊಳ್ಳಬೇಕೆಂಬುದು ಆ ಸ್ಪರ್ಧೆಯ ನಿಯಮ. ಜಿಪಿಎಸ್ ನೋಡುವಂತಿಲ್ಲ, ಡಿಜಿಟಲ್ ಹಾಡು ಕೇಳುವಂತಿಲ್ಲ. ಹಾಡು ಬೇಕೆಂದರೆ ಕ್ಯಾಸೆಟ್. ಅಷ್ಟು ಕಠಿಣ ನಿಯಮ ಮಾಡಿದವರೂ ಹಾಡನ್ನು ಮಾತ್ರ ಬೇಡ ಎನ್ನಲಿಲ್ಲ. ಸಮುದ್ರದ ಮೇಲೆ ಮನಸ್ಸಿಗೂ ಆಹಾರ ಬೇಕು, ಅದಕ್ಕೆ ಸ್ವಲ್ಪವೇ ಸಾಕು.

ಕೊಳ್ಳಲು ಹೋಗುವ ಮುಂಚೆ ಮನೆಯಲ್ಲೇ ಒಂದು ಅಭ್ಯಾಸ ಮಾಡಿ. ಒಂದು ವಾರ ನಿಮ್ಮ ಸಾಧನಗಳನ್ನು ಪವರ್ ಬ್ಯಾಂಕಿನಿಂದ ಮಾತ್ರ ತುಂಬಿಸಿ, ಮನೆಯ ವೈ-ಫೈ ಆಫ್ ಮಾಡಿ, ಪ್ರತಿದಿನ ಎಷ್ಟು ಖರ್ಚಾಯಿತೆಂದು ಪುಸ್ತಕದಲ್ಲಿ ಬರೆದಿಡಿ. ವಾರದ ಕೊನೆಗೆ ಯಾವುದು ನಿಜವಾಗಿ ಬೇಕಿತ್ತು, ಯಾವುದು ಬರೀ ಅಭ್ಯಾಸವಾಗಿತ್ತು ಎಂಬುದು ನಿಮ್ಮ ಅಕ್ಷರದಲ್ಲೇ ಕಾಣುತ್ತದೆ. ಅಂಗಡಿಗೆ ಹೋಗುವಾಗ ಆ ಪುಟವನ್ನು ಜೊತೆಗೆ ಒಯ್ಯಿರಿ.