ಬುಧವಾರ ಯಾವ ಕಡೆಗೆ ಹೋಯ್ತು?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಮಿನಿ ಪ್ರಾಜೆಕ್ಟ್ ರಿವ್ಯೂ ಒಂದು ಶುಕ್ರವಾರಕ್ಕೆ ಫಿಕ್ಸ್ ಆಗಿತ್ತು. ಅದೇ ವಾರದ ಸೋಮವಾರ ಸಂಜೆ ಒಂದು ಮೇಲ್ ಬಂತು. ರಿವ್ಯೂ ಬುಧವಾರಕ್ಕೆ 'ಬ್ರಾಟ್ ಫಾರ್ವರ್ಡ್' ಆಗಿದೆ ಅಂತ ಒಂದೇ ಸಾಲು, ತಾರೀಖಿಲ್ಲ.

"ಮಗಾ, ರಿವ್ಯೂ ಮುಂದಕ್ಕೆ ಹೋಯ್ತು!" ಅಂತ ನಮ್ಮಲ್ಲೊಬ್ಬ ಹಾಸ್ಟೆಲ್ ಕಾರಿಡಾರ್‌ನಲ್ಲೇ ಕೂಗಿದ. ಶುಕ್ರವಾರ ಇದ್ದದ್ದು ಮುಂದಕ್ಕೆ ಹೋದರೆ ಮುಂದಿನ ಬುಧವಾರ ತಾನೇ? ಐದು ದಿನ ಎಕ್ಸ್‌ಟ್ರಾ ಸಿಕ್ತು ಅಂತ ಅವತ್ತು ರಾತ್ರಿ ಸಿನಿಮಾಕ್ಕೂ ಹೋಗಿಬಂದೆವು. ನಮ್ಮ ಟೀಮ್‌ನಲ್ಲಿ ನಾಲ್ಕು ಜನ. ಮೂವರು ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ನಾಲ್ಕನೆಯವನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಅವನೊಬ್ಬನೇ "ಯಾವ ಬುಧವಾರ ಅಂತ ಮೇಡಂನ ಒಂದ್ಸಲ ಕೇಳೋಣ್ವಾ?" ಅಂದಿದ್ದು. "ಇಷ್ಟು ಇಂಗ್ಲಿಷ್ ಗೊತ್ತಾಗಲ್ವೇನೋ" ಅಂತ ನಕ್ಕೆವು. ಅವನು ಸುಮ್ಮನಾದ.

ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ಕ್ಯಾಂಟೀನ್‌ನಲ್ಲಿ ರೈಸ್‌ಬಾತ್ ತಿನ್ನುತ್ತಿದ್ದಾಗ ಫೋನ್ ಬಂತು. "ಎಲ್ರೋ ಇದ್ದೀರಾ? ನೆಕ್ಸ್ಟ್ ನಿಮ್ಮದೇ ಟೀಮ್." ಓಡಿಹೋದೆವು. ಬೋರ್ಡ್‌ಗೆ ಕೋಡೇ ಹಾಕಿರಲಿಲ್ಲ, ಮೋಟರ್ ತಿರುಗಲಿಲ್ಲ. 20ಕ್ಕೆ 6 ಬಂತು. ನಕ್ಕ ಮೂವರಿಗೂ ಆರೇ, ಕೇಳಿದವನಿಗೂ ಆರೇ. ನಮ್ಮನ್ನು ಈಗಲೂ ಚುಚ್ಚುವುದು ಆ ಎರಡನೇ ಆರು.

ಹಾಗಾಗಿ ಈ ಸಂಚಿಕೆಗೆ ಇದನ್ನೇ ಬರೆಯೋಣ ಅಂತ ಕೂತೆವು. ತಪ್ಪಾಗಿದ್ದು ಎಲ್ಲಿ? 'ಬ್ರಿಂಗ್' ಅಂದ್ರೆ ತರು, ಗೊತ್ತಿತ್ತು. 'ಫಾರ್ವರ್ಡ್' ಅಂದ್ರೆ ಮುಂದಕ್ಕೆ, ಅದೂ ಗೊತ್ತಿತ್ತು. ಎರಡೂ ಸೇರಿದಾಗ ಬರುವ ಅರ್ಥ ಗೊತ್ತಿರಲಿಲ್ಲ. ಕಾರ್ಯಕ್ರಮವನ್ನು 'ಬ್ರಿಂಗ್ ಫಾರ್ವರ್ಡ್' ಮಾಡಿದರೆ ಅದು ಇದ್ದ ದಿನಕ್ಕಿಂತ ಮೊದಲೇ ನಡೆಯುತ್ತೆ. ನಾವು ಇಲ್ಲಿ 'ಪ್ರೀಪೋನ್' ಅಂತೀವಲ್ಲ, ಅದೇ. 'ಪುಶ್ ಬ್ಯಾಕ್' ಮಾಡಿದರೆ ತಡವಾಗುತ್ತೆ. ನಮ್ಮ ಕನ್ನಡ ತಲೆಗೆ ಇದು ಪೂರ್ತಿ ಉಲ್ಟಾ. ತಡವಾಗುವುದನ್ನು ನಾವು 'ಮುಂದೂಡುವುದು' ಅಂತೀವಿ, ಪದದೊಳಗೇ 'ಮುಂದೆ' ಕೂತಿದೆ. ಇಂಗ್ಲಿಷ್‌ನವರು ಹಿಂದಕ್ಕೆ ತಳ್ಳುವುದನ್ನು ನಾವು ಮುಂದಕ್ಕೆ ತಳ್ಳುತ್ತೇವೆ!

ಹಾಗಂತ ಇಂಗ್ಲಿಷ್‌ಗೆ ತಲೆಕೆಟ್ಟಿದೆ ಅನ್ನುವ ಹಾಗಿಲ್ಲ. ಕನ್ನಡದಲ್ಲೂ ಈ ಎರಡೂ ಲೆಕ್ಕ ಇವೆ. 'ಮುಂದಿನ ವಾರ' ಅಂದ್ರೆ ಇನ್ನೂ ಬರಬೇಕಾದ್ದು. ಆದರೆ 'ಮುಂಚೆ' ಅಂದ್ರೆ ಮೊದಲು. 'ಮುಂಗಡ' ಅಂದ್ರೆ ಮೊದಲೇ ಕೊಡುವ ದುಡ್ಡು. ಇನ್ನೂ ಚೆಂದದ ಜೋಡಿ ಮುಂಗಾರು, ಹಿಂಗಾರು. ಜೂನ್‌ನಲ್ಲಿ ಮೊದಲು ಬರುವ ಮಳೆ ಮುಂಗಾರು, ಅದು ಮುಗಿದ ಮೇಲೆ ಅಕ್ಟೋಬರ್ ಹೊತ್ತಿಗೆ ಬರುವುದು ಹಿಂಗಾರು. ಇಲ್ಲಿ 'ಮುಂ' ಅಂದ್ರೆ ಮೊದಲು, 'ಹಿಂ' ಅಂದ್ರೆ ಆಮೇಲೆ. ಅಂದ್ರೆ 'ಬ್ರಿಂಗ್ ಫಾರ್ವರ್ಡ್' ಅನ್ನುವುದರಲ್ಲಿರೋದು ಮುಂಗಾರಿನ 'ಮುಂ', ಮುಂದಿನ ವಾರದ 'ಮುಂ' ಅಲ್ಲ. ಇದು ಹೊಳೆದಾಗ ನಮಗಾದ ಖುಷಿ ಹೇಳತೀರದು. ಅದು ಆ ಸೋಮವಾರವೇ ಹೊಳೆಯಬೇಕಿತ್ತು, ಅಷ್ಟೇ.

ಇಂಥ ಕ್ರಿಯಾಪದಗಳಿಗೆ ಫ್ರೇಸಲ್ ವರ್ಬ್ ಅಂತ ಹೆಸರು. ಒಂದು ಕ್ರಿಯಾಪದ, ಅದರ ಬೆನ್ನಿಗೆ ಅಪ್, ಆಫ್, ಔಟ್, ಆನ್, ಬ್ಯಾಕ್ ಥರದ ಒಂದು ಪುಟ್ಟ ಪದ. ಬೇರೆ ದೇಶದವರಿಗೆ ಇವು ತುಂಬಾ ಕಷ್ಟ ಅಂತ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಂದ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಹೇಳಿದ್ದಾನೆ. ನಮಗೆ ಸ್ವಲ್ಪ ಸಮಾಧಾನ ಆಯ್ತು.

ಆದರೆ ಕನ್ನಡದವರಿಗೆ ಇದು ಹೊಸ ಆಟ ಅಲ್ಲ. 'ಹೇಳು' ತಗೊಳ್ಳಿ. ಹೇಳಿಬಿಟ್ಟ, ಹೇಳಿಕೊಂಡ, ಹೇಳಿಕೊಟ್ಟ, ಹೇಳಿಕಳಿಸಿದ. ಗುಟ್ಟನ್ನು ಹೇಳಿಬಿಡ್ತಾನೆ, ಕಷ್ಟ ಹೇಳಿಕೊಳ್ತಾನೆ, ಲೆಕ್ಕ ಹೇಳಿಕೊಡ್ತಾನೆ, ಊರಿಗೆ ಬಾ ಅಂತ ಹೇಳಿಕಳಿಸ್ತಾನೆ. ಯಾವ ಮೇಷ್ಟ್ರೂ ನಮಗೆ ಇದರ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಲಿಲ್ಲ. ಬಾಲಕ್ಕೆ ಅಂಟಿಕೊಂಡಿದ್ದು ಅರ್ಥ ತಿರುಗಿಸುತ್ತೆ ಅಂತ ಕಿವಿಗೇ ಗೊತ್ತು. ನಮ್ಮಲ್ಲಿ ಆ ಬಾಲ ಇನ್ನೊಂದು ಕ್ರಿಯಾಪದ, ಅವರಲ್ಲಿ ಮೇಲೆ-ಕೆಳಗೆ-ಹೊರಗೆ ಅನ್ನುವ ದಿಕ್ಕು. ವ್ಯತ್ಯಾಸ ಅಷ್ಟೇ.

'ಅಪ್' ಎಷ್ಟೋ ಕಡೆ ನಮ್ಮ 'ಬಿಡು' ಕೆಲಸವನ್ನೇ ಮಾಡುತ್ತೆ. 'ಈಟ್' ಅಂದ್ರೆ ತಿನ್ನು, 'ಈಟ್ ಅಪ್' ಅಂದ್ರೆ ತಟ್ಟೆ ಖಾಲಿ ಮಾಡು, ತಿಂದುಬಿಡು. 'ಯೂಸ್ ಅಪ್' ಅಂದ್ರೆ ಪೂರ್ತಿ ಬಳಸಿಬಿಡು. 'ಗಿವ್ ಅಪ್' ಅಂತೂ ಬಿಟ್ಟೇಬಿಡು. ಇದನ್ನು ಫಾರ್ಮುಲಾ ಮಾಡ್ಕೋಬೇಡಿ, 'ಗೆಟ್ ಅಪ್'ಗೆ ಹಾಕಿದರೆ ಕೆಲಸ ಮಾಡಲ್ಲ. ಅಲ್ಲಿ 'ಅಪ್' ನಿಜವಾಗಿಯೂ ಮೇಲಕ್ಕೆ.

ಇನ್ನು ಜಾಗದ ವಿಷಯ. ಕನ್ನಡದ ಜೋಡಿಯ ನಡುವೆ ಇನ್ನೊಂದು ಪದ ತೂರಿಸೋಕೆ ಆಗಲ್ಲ. 'ಹೇಳಿ ಲೆಕ್ಕ ಕೊಟ್ಟ' ಅಂದ್ರೆ ಯಾರಿಗೂ ಅರ್ಥ ಆಗಲ್ಲ. ಇಂಗ್ಲಿಷ್‌ನಲ್ಲಿ ತೂರಿಸಬಹುದು. 'ಟರ್ನ್ ಆಫ್ ದ ಫ್ಯಾನ್' ಸರಿ, 'ಟರ್ನ್ ದ ಫ್ಯಾನ್ ಆಫ್' ಕೂಡ ಸರಿ. ಆದರೆ ಫ್ಯಾನ್ ಬದಲು 'ಇಟ್' ಬಂತೋ, ಅದು ನಡುವೆಯೇ ಕೂರಬೇಕು: 'ಟರ್ನ್ ಇಟ್ ಆಫ್'. 'ಟರ್ನ್ ಆಫ್ ಇಟ್' ತಪ್ಪು. ಹಾಗೇ 'ಪುಶ್ ಇಟ್ ಬ್ಯಾಕ್', 'ಪುಟ್ ಇಟ್ ಆಫ್'. ಎಲ್ಲ ಜೋಡಿಗಳೂ ಹೀಗೆ ಬಿಡಿಸಿಕೊಳ್ಳಲ್ಲ. 'ಲುಕ್ ಇಂಟು' ಅಂದ್ರೆ ಪರಿಶೀಲಿಸು, ಅದು ಯಾವಾಗಲೂ 'ಲುಕ್ ಇಂಟು ಇಟ್'. 'ಲುಕ್ ಆಫ್ಟರ್' ಕೂಡ ಹಾಗೇ, ನೋಡಿಕೊ.

ನಮ್ಮ ಬ್ರಾಂಚ್‌ನವರು ದಿನಾ ಮಾಡುವ ಒಂದು ತಪ್ಪು: ಬಟನ್ ಮೇಲೆ 'ಲಾಗಿನ್' ಅಂತ ಒಂದೇ ಪದವಾಗಿ ಬರೆದರೆ ಅದು ನಾಮಪದ. ಬಳಕೆದಾರನಿಗೆ ಮಾಡು ಅಂತ ಹೇಳುವಾಗ ಅದು 'ಲಾಗ್ ಇನ್', ಎರಡು ಪದ. ಸೆಟಪ್, ಬ್ಯಾಕಪ್, ಶಟ್‌ಡೌನ್ ಎಲ್ಲಕ್ಕೂ ಇದೇ ಕಥೆ. ಕನ್ನಡದಲ್ಲಿ ಮಾತಾಡುವಾಗ ಈ ತಲೆನೋವೇ ಇಲ್ಲ, 'ಬ್ಯಾಕಪ್ ಮಾಡು' ಅಂತ ಒಂದು 'ಮಾಡು' ಹಾಕಿ ಮುಗಿಸ್ತೀವಿ. ಬಹುಶಃ ಅದಕ್ಕೇ ಇಂಗ್ಲಿಷ್ ಬರೆಯುವಾಗ ಎಡವುತ್ತೇವೆ.

ಪ್ಲೇಸ್‌ಮೆಂಟ್‌ಗೆ ರೆಡಿ ಆಗ್ತಿರುವ ಅಣ್ಣಂದಿರು, ಅಕ್ಕಂದಿರು ಇನ್ನೆರಡು ನೋಡಿಕೊಳ್ಳಿ. 'ಕೋಪ್ ಅಪ್ ವಿತ್' ಅಂತ ಬರೆಯೋದು ನಮ್ಮಲ್ಲಿ ಮಾಮೂಲು. ಅಲ್ಲಿ 'ಅಪ್' ಬೇಡ, 'ಕೋಪ್ ವಿತ್' ಸಾಕು. ಮತ್ತೆ 'ಪಾಸ್ ಔಟ್'. ನಮ್ಮ ದೇಶದಲ್ಲಿ ಅದು ಡಿಗ್ರಿ ಮುಗಿಸೋದು, ಎಲ್ಲರಿಗೂ ಅರ್ಥ ಆಗುತ್ತೆ, ಅದನ್ನು ತಪ್ಪು ಅನ್ನೋಕೆ ನಮಗೆ ಇಷ್ಟ ಇಲ್ಲ. ಆದರೆ ಅಮೆರಿಕದ ಕಂಪನಿಯವರಿಗೆ "ಬರುವ ಜೂನ್‌ನಲ್ಲಿ ಪಾಸ್ ಔಟ್ ಆಗ್ತೀನಿ" ಅಂದ್ರೆ, ಇವನು ಜೂನ್‌ನಲ್ಲಿ ಪ್ರಜ್ಞೆ ತಪ್ಪಿ ಬೀಳ್ತಾನಾ ಅಂತ ಗಾಬರಿಯಾಗಬಹುದು. ಅಲ್ಲಿ 'ಗ್ರ್ಯಾಜುಯೇಟ್' ಅನ್ನಿ.

ಮೊನ್ನೆ ಎರಡನೇ ರಿವ್ಯೂ ಮೇಲ್ ಬಂತು. ಈ ಸಲ 'ಪುಶ್ಡ್ ಬ್ಯಾಕ್' ಅಂತಿತ್ತು. ಮೂವರೂ ಏನೂ ಮಾತಾಡದೆ ನಾಲ್ಕನೆಯವನ ಮುಖ ನೋಡಿದೆವು. ಅವನು ಮೊಬೈಲ್‌ನಿಂದ ತಲೆ ಎತ್ತದೆ, "ಹಿಂಗಾರು ಕಣ್ರೋ, ಟೈಮ್ ಇದೆ," ಅಂದ. ಆಮೇಲೆ ಮೇಡಂಗೆ ತಾರೀಖು ಕೇಳಿ ಮೇಲ್ ಕೂಡ ಹಾಕಿದ.